ಏಳನೇ ನಂಬರಿನ ಹಾಸಿಗೆ

ತೊಂದರೆ ಶುರುವಾದದ್ದು ಒಂದು ಸೂಜಿಯಿಂದ. ಕೆಳಮನೆಯ ನಿವೃತ್ತ ಮೇಷ್ಟ್ರು ಬೆಳಿಗ್ಗೆ ಆರೂವರೆಗೇ ಮೆಟ್ಟಿಲ ಬುಡದಲ್ಲಿ ಅಡ್ಡ ನಿಂತು, ಕಪ್ಪು ದಾರ ಪೋಣಿಸಿದ ಸೂಜಿಯನ್ನು ನಮ್ಮ ನೋಡ್ತಾನಣ್ಣನ ಕಾಲರಿಗೆ ಚುಚ್ಚಿದರು.

"ಇವತ್ತೊಂದಿನ ದೇವರಿಗೆ ರಜಾ ಕೊಡಯ್ಯ. ನಿನ್ನ ಕೆಲಸ ನೀನೇ ನೋಡ್ಕೋ," ಎಂದರು.

ನೋಡ್ತಾನಣ್ಣ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ ಬಿಡಿ. ಹಾಸಿಗೆ ಕಾರ್ಖಾನೆಯಲ್ಲಿ ಹತ್ತಿ ತುಂಬುವ ಈ ಮನುಷ್ಯ, ಯಾರಾದರೂ ಕಾಲು ತುಳಿದರೂ, ಊಟದ ಡಬ್ಬಿ ಖಾಲಿ ಮಾಡಿಟ್ಟರೂ "ದೇವರು ನೋಡ್ತಾನೆ" ಎಂದು ಸುಮ್ಮನಾಗುತ್ತಿದ್ದ. ಜೊತೆಯವರು ಅದನ್ನೇ ಅವನ ಹೆಸರು ಮಾಡಿದ್ದರು.

ಡಬ್ಬಿ ಖಾಲಿ ಮಾಡುವವರಲ್ಲಿ ಮೊದಲಿಗ, ಸದಾ ನಗುತ್ತಿದ್ದುದಕ್ಕೆ ನಗುಮುಖ ಎನಿಸಿಕೊಂಡವನು. ಅವನೂ ಹತ್ತಿ ತುಂಬುವವನೇ, ಆದರೆ ಸುತ್ತ ಹತ್ತಿ, ನಡುವೆ ಚಿಂದಿ. ಹಾಸಿಗೆ ಹೊಸದಾಗಿರುವಾಗ ಹೊರಗಿನಿಂದ ನೋಡಿದರೆ, ತುಂಬಿದವನಿಗೂ ಗುರುತು ಸಿಗದು. ಅದಕ್ಕೇ ಯಜಮಾನರು ವರ್ಷಕ್ಕೊಮ್ಮೆ ಒಬ್ಬೊಬ್ಬನದೂ ಒಂದೊಂದು ಹಾಸಿಗೆ ತೆಗೆದಿಟ್ಟು, ಮೂಲೆಗೆ ಅವನವನ ನಂಬರಿನ ಬಟ್ಟೆಚೂರು ಹೊಲಿಸಿ, ಎಲ್ಲರ ಮುಂದೆ ಕೊಯ್ದು ನೋಡುತ್ತಿದ್ದರು. ಅದರ ಹಿಂದಿನ ಸಂಜೆ ನಗುಮುಖ ತನ್ನ ನಾಲ್ಕನೇ ನಂಬರನ್ನೂ ನೋಡ್ತಾನಣ್ಣನ ಏಳನ್ನೂ ಅದಲುಬದಲು ಮಾಡಿಬಿಡುತ್ತಿದ್ದ. ಒಂದು ವರ್ಷ ನೋಡ್ತಾನಣ್ಣ ಗೋದಾಮಿನ ಬಾಗಿಲಲ್ಲಿ ನಿಂತು ಅದನ್ನು ಕಣ್ಣಾರೆ ಕಂಡ. ಕಂಡವನು ಒಂದು ಮಾತೂ ಆಡದೆ ಮನೆಗೆ ಹೋದ. ಹೀಗೆ ನಾಲ್ಕು ವರ್ಷದಿಂದ ಬೈಗುಳ ಇವನಿಗೆ, ಶಹಬ್ಬಾಸ್‌ಗಿರಿ ಅವನಿಗೆ. ಇದು ಮೇಷ್ಟ್ರಿಗೂ ಗೊತ್ತಿತ್ತು.

ಈ ವರ್ಷ ಮಾತ್ರ ಬೈಗುಳಕ್ಕೆ ಮುಗಿಯುವಂತಿರಲಿಲ್ಲ. ಹಳೇ ಮೇಸ್ತ್ರಿ ಕೆಲಸ ಬಿಟ್ಟಿದ್ದ. ಯಾರ ಹಾಸಿಗೆ ಚೆನ್ನಾಗಿರುತ್ತದೋ ಅವನೇ ಹೊಸ ಮೇಸ್ತ್ರಿ, ಮೇಸ್ತ್ರಿಗೆ ಕಾರ್ಖಾನೆಯ ಹಿಂದೆ ನೆಲಮಟ್ಟದ ಮನೆ. ನೋಡ್ತಾನಣ್ಣನ ಹೆಂಡತಿ ಮಂಡಿ ಸವೆದು ಮೂರನೇ ಮಹಡಿಯಿಂದ ಇಳಿಯದೆ ಹದಿನಾಲ್ಕು ತಿಂಗಳಾಗಿತ್ತು. ಕಿಟಕಿಯಲ್ಲಿ ಕೂತು ಬೀದಿ ನೋಡುವುದೇ ಅವಳ ತಿರುಗಾಟ.

ಆ ಬೆಳಿಗ್ಗೆ ಅವಳು ತಮಾಷೆಗೇ ಕೇಳಿದ್ದಳು, "ನಿಮ್ಮ ದೇವರು ಮೂರನೇ ಮಹಡಿ ಹತ್ತಲ್ವಾ? ಅವನಿಗೂ ಮಂಡಿನೋವಾ?"

ಕೇಳಿ ನಕ್ಕಳು. ಆಮೇಲೆ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ಮೇಷ್ಟ್ರ ಸೂಜಿ ಕಾಲರಿನಲ್ಲಿ ಉಳಿದದ್ದು ಅದಕ್ಕೇ.

ಏಳು ಗಂಟೆಗೆ ಕಾರ್ಖಾನೆಯಲ್ಲಿ ಇದ್ದವನು ಮಿಷಿನ್ ಮಾಮ ಒಬ್ಬನೇ. ಹಾಸಿಗೆಯ ಗವಸು ಹೊಲಿಯುವವನು, ಊರ ಉಸಾಬರಿಯೆಲ್ಲ ತನ್ನದೇ ಎನ್ನುವವನು.

"ನಿನ್ನೆ ಸಂಜೆ ಗೋದಾಮಿಂದ ಕೊನೇಲಿ ಹೊರಗೆ ಬಂದೋನು ಆ ನಗುಮುಖನೇ. ಕೈಯಲ್ಲಿ ಸೂಜಿ ಬೇರೆ ಇತ್ತು. ಇನ್ನೇನು ಸಾಕ್ಷಿ ಬೇಕು ನಿಂಗೆ?" ಎಂದ ಮಾಮ. "ನಡಿ ಒಳಗೆ. ನಾನು ಬಾಗಿಲಲ್ಲಿ ಇರ್ತೀನಿ. ಯಾರಾದ್ರೂ ಬಂದ್ರೆ ಕೆಮ್ತೀನಿ."

ಮೂವತ್ತು ವರ್ಷ ಹತ್ತಿ ಧೂಳು ಕುಡಿದ ಮಾಮನಿಗೆ ಕೆಮ್ಮು ಕೇಳಿಕೊಂಡು ಬರುತ್ತದೆಯೇ? ನಾಲ್ಕು ಸಲ ಕೆಮ್ಮಿದ, ನಾಲ್ಕು ಸಲವೂ ನೋಡ್ತಾನಣ್ಣ ಹತ್ತಿ ರಾಶಿಯೊಳಗೆ ಮುಳುಗಿ ಎದ್ದ. ಬೆರಳಿಗೆ ಚುಚ್ಚಿಕೊಂಡ. ಏಳನ್ನು ಬಿಚ್ಚಿ ನಾಲ್ಕರ ಜಾಗಕ್ಕೂ, ನಾಲ್ಕನ್ನು ಏಳರ ಜಾಗಕ್ಕೂ ಹೊಲಿದು ಗಂಟು ಹಾಕಿ ಏಳಹೋದರೆ ಹಾಸಿಗೆಯೂ ಜೊತೆಗೇ ಎದ್ದಿತು. ತನ್ನ ಅಂಗಿಯ ತೋಳನ್ನೂ ಸೇರಿಸಿ ಹೊಲಿದುಬಿಟ್ಟಿದ್ದ. ಮಾಮ ಕತ್ತರಿ ತಂದು ಬಿಡಿಸಬೇಕಾಯಿತು.

"ಕಳ್ಳತನ ಮಾಡೋಕೂ ಕೈ ಪಳಗಿರಬೇಕು," ಎಂದ ಮಾಮ.

"ಇದು ಕಳ್ಳತನ ಅಲ್ಲ. ನಂದನ್ನ ನಾನು ತಗೊಂಡೆ ಅಷ್ಟೆ," ಎಂದ ನೋಡ್ತಾನಣ್ಣ.

ಹತ್ತು ಗಂಟೆಗೆ ಯಜಮಾನರು ದೊಡ್ಡ ಕತ್ತರಿ ಹಿಡಿದು ಬಂದರು. ನಾಲ್ಕನೇ ನಂಬರು ಕೊಯ್ದರು. ಒಳಗೆಲ್ಲ ಹತ್ತಿ, ಬೆಳ್ಳಗೆ, ಒಂದು ಕಸವಿಲ್ಲ. ಅದು ತಾನೇ ತುಂಬಿದ ಹತ್ತಿ ಎಂದು ನೋಡ್ತಾನಣ್ಣನಿಗೆ ಗುರುತು ಸಿಕ್ಕಿತು. ಏಳನೆಯದನ್ನು ಕೊಯ್ದರು. ಹರಿದ ಬನಿಯನ್, ಗೋಣಿ ಚೂರು, ಒಂಟಿ ಕಾಲುಚೀಲ ಹೊರಬಿದ್ದವು. ಯಾರೋ ಕಿಸಕ್ಕೆಂದರು.

ಯಜಮಾನರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಬಾಯಿ ತೆಗೆದರೆ ದೇವರ ಹೆಸರು, ಒಳಗಡೆ ಇದಾ?" ಎಂದು ಮೆಲ್ಲಗೆ ಕೇಳಿದರು. "ನಾಳೆಯಿಂದ ಹತ್ತಿ ಮುಟ್ಟಬೇಡ. ನೆಲ ಗುಡಿಸು."

ನಗುಮುಖ ಮೇಸ್ತ್ರಿಯಾದ. ವಿಚಿತ್ರವೆಂದರೆ ಅವನು ನಗಲಿಲ್ಲ. ಬಾಯಿ ತೆರೆದುಕೊಂಡು ಆ ಬಿಳೀ ಹತ್ತಿಯನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಮಿಷಿನ್ ಮಾಮ ಆಗಲೇ ತನ್ನ ಮಿಷಿನ್ನಿನ ಹಿಂದೆ ಮಾಯವಾಗಿದ್ದ.

ಮಧ್ಯಾಹ್ನ ನಗುಮುಖ ಇವನನ್ನು ಹತ್ತಿ ಮೂಟೆಗಳ ಹಿಂದಕ್ಕೆ ಕರೆದೊಯ್ದು ಎರಡೂ ಕೈ ಹಿಡಿದುಕೊಂಡ.

"ಅಣ್ಣ, ನೀವು ಅವತ್ತು ಗೋದಾಮಿನ ಬಾಗಿಲಲ್ಲಿ ನಿಂತು ನನ್ನ ನೋಡಿದ್ರಿ. ಬೈತೀರಿ, ಯಜಮಾನರಿಗೆ ಹೇಳ್ತೀರಿ ಅಂತ ಕಾದೆ. ನೀವು ಒಂದು ಮಾತಾಡ್ಲಿಲ್ಲ. ಅದೇ ನನ್ನ ಒಳಗೊಳಗೇ ತಿಂದ್ಹಾಕ್ತು. ನಿನ್ನೆ ಸೂಜಿ ಹಿಡ್ಕೊಂಡು ಹೋದೆ, ಕೈಯೇ ಬರ್ಲಿಲ್ಲ. ನಂಬರು ಮುಟ್ಟದೆ ವಾಪಸ್ ಬಂದೆ. ಇವತ್ತು ಸಿಕ್ಕಿಬೀಳ್ತೀನಿ, ನೀವು ಮೇಸ್ತ್ರಿ ಆಗ್ತೀರಿ, ಆಗ್ಲಿ ಅಂತ ಗಟ್ಟಿ ಮನಸ್ಸು ಮಾಡಿದ್ದೆ."

ನೋಡ್ತಾನಣ್ಣ ಕೈ ಬಿಡಿಸಿಕೊಳ್ಳಲು ನೋಡಿದ, ನಗುಮುಖ ಬಿಡಲಿಲ್ಲ.

"ನಾನು ತುಂಬಿದ್ದು ಚಿಂದಿ ಅಣ್ಣ, ನನ್ನ ಕೈಯಾರೆ ತುಂಬಿದ್ದು. ಕೊಯ್ದರೆ ಹತ್ತಿ. ಒಂದೇ ಒಂದ್ಸಲ ನೆಟ್ಟಗಿದ್ದಿದ್ದಕ್ಕೆ ದೇವರು ಚಿಂದೀನ ಹತ್ತಿ ಮಾಡ್ಬಿಟ್ಟ. ನಿಮ್ಮದು ಹೇಗೆ ಚಿಂದಿ ಆಯ್ತೋ ನಂಗೆ ಗೊತ್ತಿಲ್ಲ, ಏನೋ ಪರೀಕ್ಷೆ ಇರ್ಬೇಕು. ಇನ್ಮೇಲೆ ನಾನು ಒಂದು ಚೂರು ಚಿಂದಿ ಮುಟ್ಟಲ್ಲ. ಆಣೆ."

ಕಣ್ಣಲ್ಲಿ ನೀರು ತುಂಬಿಕೊಂಡು ಬಗ್ಗಿ ಇವನ ಕಾಲು ಮುಟ್ಟಿದ. ನಿಜ ಹೇಳಲು ನೋಡ್ತಾನಣ್ಣ ಎರಡು ಸಲ ಬಾಯಿ ತೆರೆದ. ಆ ಮುಖ ನೋಡಿ ಎರಡು ಸಲವೂ ಮುಚ್ಚಿದ.

ಸಂಜೆ ಅವನು ಮೂರು ಮಹಡಿ ಹತ್ತುವುದಕ್ಕೆ ಬಹಳ ಹೊತ್ತು ಹಿಡಿಯಿತು. ಒಳಗೆ ಹೆಂಡತಿ ಮೇಸ್ತ್ರಿ ಮನೆಗೆ ಹೋಗುವುದೇ ಸೈ ಎಂದು ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. ಅವನು ಗಂಟಿನ ಪಕ್ಕ ನೆಲದ ಮೇಲೆ ಕೂತು ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಅಂಗಿಯ ತೋಳಿನ ವಿಷಯಕ್ಕೆ ಅವಳಿಗೆ ನಗು ಬಂತು. ನಗು ಮುಗಿಯುವ ಮೊದಲೇ ಅಳುವೂ ಬಂತು.

"ಹೋಗ್ಲಿ ಬಿಡಿ," ಎಂದಳು ಕೊನೆಗೆ. "ನನಗೋಸ್ಕರ ತಾನೇ ಮಾಡಿದ್ದು."

"ನಾಲ್ಕು ವರ್ಷ ಕಾದೆ ಕಣೇ," ಎಂದ ಅವನು. "ಇನ್ನು ಮೂರು ಗಂಟೆ ಕಾಯೋಕಾಗ್ಲಿಲ್ಲ ನನಗೆ."

ಅವಳು ಗೋಡೆ ಹಿಡಿದು ನಿಧಾನವಾಗಿ ಬಗ್ಗಿ, ಗಂಟು ಬಿಚ್ಚಿ, ಪಾತ್ರೆಗಳನ್ನು ಒಂದೊಂದಾಗಿ ಅವನ ಕೈಗೆ ಕೊಡತೊಡಗಿದಳು.