ಅಡ್ಡಿಲ್ಲ ಎಂದವರು ಯಾರು?

ಹೊನ್ನಮ್ಮತ್ತೆ ಆ ದಿನ ‘ಅಡ್ಡಿಲ್ಲ’ ಎಂದಳೋ ಇಲ್ಲವೋ, ನಾನು ಆಣೆಯಿಟ್ಟು ಹೇಳಲಾರೆ. ಎಂದಳು ಎಂದೇ ನನ್ನ ನೆನಪು. ಆದರೆ ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತು. ಮನೆಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂಬ ಅನುಮಾನದಲ್ಲಿ ಅಮದಳ್ಳಿಯಲ್ಲಿ ಬಸ್ಸಿಳಿದು ಕಾರವಾರಕ್ಕೆ ವಾಪಸು ಹೋದವನು ನಾನು. ಬೀಗ ಹಾಕಿತ್ತು. ಕೀಲಿಕೈಯೂ ಅದರಲ್ಲೇ ನೇತಾಡುತ್ತಿತ್ತು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಯಾವುದನ್ನೂ ಸಾಕ್ಷಿಯಿಲ್ಲದೆ ನಂಬಬೇಡ ಎಂದು. ಆ ಪಾಠವನ್ನು ನಾನು ಲೋಕದ ಮೇಲೆಲ್ಲ ಪ್ರಯೋಗಿಸಿದೆ, ನನ್ನ ತಲೆಯೊಂದನ್ನು ಬಿಟ್ಟು.

ನನಗೆ ಓದುವ ಚಟ. ಎರಡು ಎಂ.ಎ., ಒಂದು ಡಿಪ್ಲೊಮಾ, ಅರ್ಧಕ್ಕೆ ಬಿಟ್ಟ ಕಾನೂನು. “ಹಾಲ್ ಟಿಕೆಟ್ ಕಾಣದಿದ್ರೆ ನಿಮಗೆ ವರ್ಷ ಕಳೆದದ್ದೇ ಗೊತ್ತಾಗೂದಿಲ್ಲ” ಎನ್ನುತ್ತಾಳೆ ಹೆಂಡತಿ ಸುಮಂಗಲಾ. ಕಳೆದ ವರ್ಷ ಸೇರಿದ್ದು ವಾರಾಂತ್ಯದ ಒಂದು ಕೋರ್ಸಿಗೆ: ತಂತ್ರಜ್ಞಾನದ ಎಥಿಕ್ಸ್ ಮತ್ತು ಕಂಪ್ಲಯನ್ಸ್. ಮೊಬೈಲು, ಆ್ಯಪು, ಕಂಪ್ಯೂಟರುಗಳೆಲ್ಲ ಜನರ ಗುಟ್ಟನ್ನು ಹೇಗೆ ಕಾಯಬೇಕು, ಕಾನೂನಿಗೆ ಹೇಗೆ ತಲೆಬಾಗಬೇಕು ಎಂಬ ವಿದ್ಯೆ. ನಮ್ಮ ಓಣಿಯಲ್ಲಿ ಈ ಕಂಪ್ಲಯನ್ಸ್ ಎಂಬುದು ಎರಡೇ ದಿನದಲ್ಲಿ ಕಂಪ್ಲೇಂಟ್ ಆಯಿತು. “ನೀವು ಕಂಪ್ಲೇಂಟ್ ಕಲೀತಿದ್ರಂತೆ, ನಮ್ಮ ಬೀದಿದೀಪದ್ದೊಂದು ಬರೆದುಕೊಡಿ” ಎಂದು ಕೆಳಗಿನ ಮನೆಯವರು ಕಾಗದ ಹಿಡಿದು ಬಂದರು. ಬರೆದುಕೊಟ್ಟೆ. ದೀಪ ಹತ್ತಿತು. ಇಡೀ ಕೋರ್ಸಿನಿಂದ ಸಮಾಜಕ್ಕಾದ ಉಪಕಾರ ಅದೊಂದೇ ಎಂದು ಸುಮಂಗಲಾ ಈಗಲೂ ಸಾಧಿಸುತ್ತಾಳೆ.

ಕೋರ್ಸು ಪಾಸಾಗಬೇಕಾದರೆ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ಸಹಪಾಠಿಗಳು ದೊಡ್ಡ ದೊಡ್ಡ ಕಂಪನಿಗಳನ್ನು ಹಿಡಿದರು. ನಾನು ಅಂಕೋಲೆ ಬಳಿಯ ಅವರ್ಸಾದ ನನ್ನ ಸೋದರತ್ತೆಯನ್ನು ಹಿಡಿದೆ. ಹೊನ್ನಮ್ಮತ್ತೆಯ ಹಿತ್ತಲಿನಲ್ಲಿ ಮೂರು ಇಶಾಡು ಮಾವಿನಮರಗಳಿವೆ. ಅಂಕೋಲೆಯ ಇಶಾಡು ತೆಳು ಸಿಪ್ಪೆಯ ಹಣ್ಣು, ಗಟ್ಟಿಯಾಗಿ ಮಾತಾಡಿಸಿದರೂ ಕಂದುತ್ತದೆ. ದೂರದ ಪೇಟೆಗೆ ಹೋಗುವಂಥದ್ದಲ್ಲ. ಅದಕ್ಕೇ ಅತ್ತೆ ಸುತ್ತಲಿನ ಅರವತ್ತು ಮನೆಯವರನ್ನು ಸೇರಿಸಿ ಹಣ್ಣು ಹಂಚಲು ವಾಟ್ಸಾಪ್ ಗುಂಪು ಮಾಡಿದ್ದಾಳೆ. ಟೈಪು ಮಾಡುವ ತಾಳ್ಮೆ ಅವಳಿಗಿಲ್ಲ, ಎಲ್ಲವೂ ದನಿಯಲ್ಲೇ. “ಮಾಸ್ತರ್ರಿಗೆ ಈ ಸಲ ಎರಡೇ ಹಣ್ಣು. ಶುಗರ್ ಮುನ್ನೂರಕ್ಕೆ ಹೋಗಿದ್ಯಂತೆ. ಯಾರೂ ಅವ್ರಿಗೆ ತಮ್ಮ ಪಾಲಿನ ಹಣ್ಣು ಕೊಡೂದು ಬ್ಯಾಡ.” ಅರವತ್ತು ಮನೆಗೆ ಏಕಕಾಲಕ್ಕೆ. (ಅವರು ಮಾಸ್ತರರಲ್ಲ, ಸಂಖ್ಯೆಯೂ ಮುನ್ನೂರಲ್ಲ; ಗುರುತು ಸಿಗದಿರಲೆಂದು ಎರಡನ್ನೂ ಬದಲಿಸಿದ್ದೇನೆ. ನಾನು ಕಲಿತದ್ದು ವ್ಯರ್ಥವಾಗಿಲ್ಲವೆಂದು ತಿಳಿಸಲು ಹೇಳಿದೆ.) ಇಷ್ಟು ಚಂದದ ಖಾಸಗಿತನದ ಉಲ್ಲಂಘನೆ ಯಾವ ಕಂಪನಿಯಲ್ಲಿ ಸಿಕ್ಕೀತು? ನಾನೂ ಗುಂಪಿನಲ್ಲಿದ್ದೆನಲ್ಲ, ಒಂದೂವರೆ ತಿಂಗಳು ಕೂತು ಕೇಳಿ ಬರೆದುಕೊಂಡೆ. ಕೊನೆಗೊಂದು ಭಾನುವಾರ ಸುಮಂಗಲಾಳೊಂದಿಗೆ ಅವರ್ಸಾಕ್ಕೆ ಹೋಗಿ, ಹಣ್ಣು ತಿಂದು, ಅತ್ತೆಯ ಅನುಮತಿ ಪಡೆದು ಬಂದೆ. ಪಡೆದೆ ಎಂದೇ ನನ್ನ ನೆನಪು.

ನನ್ನ ಗೈಡ್ ಮೇಡಂ ಮೈಸೂರಿನ ಕಡೆಯವರು. ನೂರ ಹತ್ತು ಪುಟ ಓದಿ ಕೇಳಿದ್ದು ಒಂದೇ ಪ್ರಶ್ನೆ.

“ಒಪ್ಪಿಗೆಯ ಬಗ್ಗೆ ಬರೆದಿದ್ದೀರಿ. ನಿಮ್ಮ ಅತ್ತೆ ಒಪ್ಪಿದ್ದಾರಾ?”

“ಅಡ್ಡಿಲ್ಲ ಅಂದಿದ್ದಾರೆ ಮೇಡಂ.”

“ಅಂದರೆ ಹೌದೋ, ಅಲ್ಲವೋ?”

ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಯಾರಿಗೂ ಕೇಳಿದ್ದಿಲ್ಲ. ತೊಂಬತ್ತೆಂಟು ಅಂಕ ಬಂದರೂ ಇಲ್ಲಿ ಅಡ್ಡಿಲ್ಲ, ಸಾರಿಗೆ ಉಪ್ಪು ಹೆಚ್ಚಾದರೂ ಅಡ್ಡಿಲ್ಲ. ಜ್ವರ ಹೇಗಿದೆ ಎಂದರೆ ಅಡ್ಡಿಲ್ಲ, ಹುಡುಗಿ ಹೇಗಿದ್ದಾಳೆ ಎಂದರೆ ಅಡ್ಡಿಲ್ಲ. ಆ ಕೊನೆಯದರ ಆಧಾರದ ಮೇಲೆ ಮದುವೆಯಾಗಿ ನನಗೆ ಹದಿನೆಂಟು ವರ್ಷ. ಅರ್ಥವೆಲ್ಲ ಕೊನೆಯ ‘ಲ್ಲ’ವನ್ನು ಎಷ್ಟು ಎಳೆದರು, ತಲೆಯನ್ನು ಯಾವ ಕಡೆ ವಾಲಿಸಿದರು ಎಂಬುದರಲ್ಲಿದೆ. ಇದನ್ನು ವಿವರಿಸಿದೆ. ಮೇಡಂ ಶಾಂತವಾಗಿ, “ಒಪ್ಪಿಗೆ ಸಂದೇಹಕ್ಕೆ ಎಡೆಯಿಲ್ಲದಂತಿರಬೇಕು ಅಂತ ನೀವೇ ನಾಲ್ಕನೇ ಪುಟದಲ್ಲಿ ಬರೆದಿದ್ದೀರಿ. ಶನಿವಾರದೊಳಗೆ ಸಹಿ ತನ್ನಿ. ಇಲ್ಲದಿದ್ದರೆ ಇದನ್ನು ತಗೊಳ್ಳೋಕಾಗಲ್ಲ” ಎಂದರು.

ಮನೆಯಲ್ಲಿ ಹೇಳಿದರೆ ಸುಮಂಗಲಾ, “ಅತ್ತೆ ಯಾವಾಗ ಅಡ್ಡಿಲ್ಲ ಅಂದ್ರು? ನಾ ಅಲ್ಲೇ ಇದ್ದೆ, ಕೇಳಲಿಲ್ಲಪ್ಪ” ಎಂದಳು. ಅಲ್ಲಿಂದ ನನ್ನ ನಿದ್ದೆ ಹೋಯಿತು. ವರ್ಷದ ಓದು ಒಂದು ಪದದ ಮೇಲೆ ನಿಂತಿತ್ತು, ಆ ಪದ ನನ್ನ ನೆನಪಿನ ಮೇಲೆ.

ಮೂರು ಪುಟದ ಒಪ್ಪಿಗೆ ಪತ್ರ ಹಿಡಿದು ಇಬ್ಬರೂ ಮತ್ತೆ ಅವರ್ಸಾಕ್ಕೆ ಹೋದೆವು. ಅತ್ತೆ ಜಗಲಿಯಲ್ಲಿ ಹಣ್ಣು ಆರಿಸುತ್ತಿದ್ದಳು. ಕಾಗದ ನೋಡಿ ಕನ್ನಡಕ ಏರಿಸಿದಳು.

“ಇದೆಂತದಾ ತಮಾ? ಜಾಗೆ ಬರೆಸ್ಕೊಳ್ಳೂಕೆ ಬಂದ್ಯಾ?”

ಅಲ್ಲವೆಂದು, ಅವಳ ಗುಂಪಿನ ಬಗ್ಗೆ ನಾನು ಬರೆದದ್ದನ್ನು ಯುನಿವರ್ಸಿಟಿಗೆ ಕೊಡಲು ಅವಳ ಒಪ್ಪಿಗೆ ಬೇಕೆಂದು ಹೇಳಿದೆ.

“ನಾ ಬ್ಯಾಡ ಅಂದ್ರೆ?”

“ನಾನು ಫೇಲು.”

“ಹಂಗಾರೆ ಇದು ಕೇಳೂದಲ್ಲ, ಹೆದರ್ಸೂದು.”

ಇದೇ ಮಾತನ್ನು ಹೇಳಲು ನನ್ನ ಪಠ್ಯಪುಸ್ತಕ ಒಂದು ಅಧ್ಯಾಯ ತೆಗೆದುಕೊಂಡಿತ್ತು. ಚೀಲದಿಂದ ಪ್ರಾಜೆಕ್ಟಿನ ಪ್ರತಿಯನ್ನೂ ತೆಗೆದು ಮುಂದಿಟ್ಟೆ. ಅತ್ತೆ ಪ್ರಾಜೆಕ್ಟನ್ನೇ ಎಳೆದುಕೊಂಡು ಹನ್ನೆರಡನೇ ಪುಟಕ್ಕೆ ಬಂದಳು. ಅದು ನನ್ನ ಅತ್ಯುತ್ತಮ ಪುಟ.

“ಮಾಸ್ತರ್ರ ಶುಗರ್ ಇಲ್ಲಿ ಬರ್ದಿದ್ಯಲ, ಅವ್ರನ್ನ ಕೇಳಿದ್ಯಾ?”

“ನೀನು ಅರವತ್ತು ಜನರಿಗೆ ಹೇಳಿದ್ದೀಯಲ್ಲ ಅತ್ತೆ!”

“ನಾ ಅವ್ರ ಹೆಂಡ್ತಿನ ಕೇಳೇ ಹೇಳಿದ್ದು.”

“ಹೆಂಡತಿಯ ಒಪ್ಪಿಗೆ ಗಂಡನ ಒಪ್ಪಿಗೆ ಆಗೂದಿಲ್ಲ.”

ಅತ್ತೆ ಸುಮಂಗಲಾಳ ಮುಖ ನೋಡಿದಳು. ಸುಮಂಗಲಾ ಅತ್ತೆಯ ಮುಖ ನೋಡಿದಳು. “ಮತ್ತೆ ಯಾರದ್ದು ಆಗೂದು?” ಎಂದು ಇಬ್ಬರೂ ಒಟ್ಟಿಗೇ ಕೇಳಿ, ನಗು ತಡೆಯಲಾರದೆ ಬುಟ್ಟಿಯ ಮೇಲೆ ಬಾಗಿದರು. ನನ್ನ ಭವಿಷ್ಯ ತೂಗಾಡುತ್ತಿದ್ದಾಗ ನನಗೂ ನಗು ಬಂದದ್ದು ಏಕೋ ಗೊತ್ತಿಲ್ಲ.

ನಗು ಮುಗಿದ ಮೇಲೆ ಅತ್ತೆ ಪೆನ್ನು ಕೇಳಿದಳು. ನಾನು ತೋರಿಸಿದ ಜಾಗದಲ್ಲಿ ಸಹಿ ಹಾಕದೆ, ಪತ್ರದ ಅಂಚಿನಲ್ಲಿ ದುಂಡಗೆ ಬರೆದಳು: “ನನ್ನ ವಿಷಯ ಬರೆಯಲು ಒಪ್ಪಿದೆ. ಮಾಸ್ತರರ ಪುಟ ತೆಗೆಯಬೇಕು. ಹೊನ್ನಮ್ಮ.” ಅಷ್ಟೇ ಅಲ್ಲ, ಅಲ್ಲೇ ಮಾಸ್ತರರಿಗೆ ಫೋನು ಹಚ್ಚಿ, ಇನ್ನು ಮುಂದೆ ಅವರ ಶುಗರ್ ಗುಂಪಿನಲ್ಲಿ ಹೇಳುವುದಿಲ್ಲ, ಆದರೆ ಹಣ್ಣು ಎರಡೇ, ಎಂದು ತಿಳಿಸಿದಳು. ಆ ಕಡೆಯಿಂದ ಬಂದ ಉತ್ತರ ಸ್ಪೀಕರಿನಲ್ಲಿ ನಮಗೆಲ್ಲ ಕೇಳಿತು. “ಗುಂಪಲ್ಲಿ ಹೇಳು ಹೊನ್ನಮ್ಮ, ಅಡ್ಡಿಲ್ಲ. ಹಣ್ಣು ನಾಲ್ಕು ಕೊಡು.”

ಹನ್ನೆರಡನೇ ಪುಟ ತೆಗೆದೆ. ಅತ್ಯುತ್ತಮ ಪುಟ, ಆದರೂ ತೆಗೆದೆ. ಶನಿವಾರ ಮೇಡಂ ಅಂಚಿನ ಬರಹವನ್ನು ಎರಡು ಸಲ ಓದಿ, “ನಿಮ್ಮ ಅತ್ತೆಯವರು ಕೋರ್ಸಿಗೆ ಸೇರಬಹುದಿತ್ತು” ಎಂದರು. ಪಾಸಾದೆ. ಅವರಿಗೆಂದು ಒಯ್ದಿದ್ದ ಆರು ಇಶಾಡು ಹಣ್ಣುಗಳನ್ನು ಕೊಡಲಾಗಲಿಲ್ಲ. ಪರೀಕ್ಷಕರಿಗೆ ಉಡುಗೊರೆ ಕೊಡುವುದರ ಮೇಲೆ ಪ್ರಾಜೆಕ್ಟಿನ ಏಳನೇ ಅಧ್ಯಾಯದಲ್ಲಿ ನಾನೇ ಖಾರವಾಗಿ ಬರೆದಿದ್ದೆ. ಕಾರವಾರದ ಸಮುದ್ರದಂಡೆಯ ಬೆಂಚಿನ ಮೇಲೆ ಕೂತು, ಅಂಗಿ ತೋಳಿಗೆ ರಸ ಇಳಿಸಿಕೊಂಡು ಆರನ್ನೂ ತಿಂದೆ. ನೀತಿವಂತನಾಗುವುದು ಇಷ್ಟು ಸಿಹಿಯೆಂದು ಯಾವ ಅಧ್ಯಾಪಕರೂ ಹೇಳಿರಲಿಲ್ಲ.

ಆದರೂ ಆ ಮೊದಲ ಭಾನುವಾರ ಯಾರು ಏನೆಂದರು ಎಂಬುದು ನನ್ನನ್ನು ಕೊರೆಯುತ್ತಲೇ ಇತ್ತು. ಮೊನ್ನೆ ಗುಂಪಿನ ಹಳೆಯ ಸಂದೇಶಗಳನ್ನು ತೆರೆದೆ. ಅಧ್ಯಯನ ಮುಗಿಯಿತೆಂದು ಆ ದಿನದ ಸಂಜೆಯಿಂದ ಕೇಳುವುದನ್ನೇ ನಿಲ್ಲಿಸಿದ್ದೆ. ಮೊದಲ ಸಂದೇಶವೇ ಅತ್ತೆಯ ದನಿ: “ನಾಳೆ ಹಣ್ಣು ಮೂರು ಕಮ್ಮಿ ಬರ್ತದೆ, ಬೇಜಾರಾಗ್ಬ್ಯಾಡಿ. ನಮ್ಮ ತಮ ಬಂದಿದ್ದ. ಒಂದು ತಿಂದ. ಇನ್ನೊಂದು ಕೊಡ್ಲಾ ಅಂದೆ, ಅಡ್ಡಿಲ್ಲ ಅಂದ. ಮತ್ತೊಂದು ಅಂದೆ, ಅದಕ್ಕೂ ಅಡ್ಡಿಲ್ಲ ಅಂದ. ಎಂತದೋ ಕಾಗ್ದದ ವಿಷಯ ಹೇಳ್ಬೇಕು ಅಂದವ, ತಿನ್ನೂದ್ರಲ್ಲಿ ಮರ್ತು ಹೋದ.” ಅರವತ್ತು ಮನೆಯವರೂ ಅದನ್ನು ಅಂದೇ ಕೇಳಿದ್ದರು. ಕೇಳದೆ ಉಳಿದಿದ್ದವನು ನಾನೊಬ್ಬನೇ.