ಕುರ್ವೆಲ್ ಪಟ್ಟಣದ ಅಧಿಕೃತ ಮುಳುಗಡೆ

ಕುರ್ವೆಲ್ ಪಟ್ಟಣವು ಓರ್ಲಿನ್ ನದಿಯ ಬಲದಂಡೆಯ ಮೇಲಿದೆ. ಅದರ ಇತಿಹಾಸವು ಪುರಭವನದ ಗೋಡೆಯ ಮೇಲಿದೆ. ಹಿಂದೊಮ್ಮೆ ಬಂದ ಮಹಾಪೂರದಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಗೆರೆ ಕೊರೆದ ಕಲ್ಲೊಂದು ಆ ಗೋಡೆಯಲ್ಲಿದ್ದು, ಅದನ್ನು ಬಿಟ್ಟರೆ ಊರಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆದಿಲ್ಲ. ಎದುರು ದಂಡೆಯ ತ್ರೆಮೊನ್ ಪಟ್ಟಣದಲ್ಲೂ ಅಂಥದೇ ಕಲ್ಲಿದ್ದು, ಅದು ನೆಲದಿಂದ ಒಂದು ಗೇಣು ಹೆಚ್ಚು ಎತ್ತರದಲ್ಲಿದೆ. ಒಂದೇ ನದಿ, ಒಂದೇ ನೆರೆ. ಆದರೂ ಅವರಿಗೆ ಹೆಚ್ಚು ನೀರು ಸಿಕ್ಕಿತೆಂಬ ಅನ್ಯಾಯವನ್ನು ಕುರ್ವೆಲಿನವರು ತಲೆಮಾರುಗಳಿಂದ ನುಂಗಿಕೊಂಡು ಬಂದಿದ್ದರು.

ಕಳೆದ ವಸಂತದಲ್ಲಿ ಗಾರೆ ಕೆಲಸದ ಗೋದಿಶೆ ಗೋಡೆ ದುರಸ್ತಿಗೆಂದು ಆ ಕಲ್ಲನ್ನು ಕಿತ್ತು ಪಕ್ಕಕ್ಕಿಟ್ಟು, ಎದುರಿಗೇ ಇದ್ದ ಸಿದೋನಿಯ ಕೆಫೆಗೆ ಊಟಕ್ಕೆ ಹೋದ. ಸಿದೋನಿ ಅವನಿಗೆ ಕರಿದ ಮೀನನ್ನೂ ವೈನನ್ನೂ ಕೊಟ್ಟಳು. ವೈನನ್ನು ಧಾರಾಳವಾಗಿ ಕೊಟ್ಟಳು. ಹಿಂದಿರುಗಿದವನು ಕಲ್ಲನ್ನು ಮೊದಲ ಮಹಡಿಯ ಕಿಟಕಿಯ ಪಕ್ಕದಲ್ಲಿ ಕೂರಿಸಿದ.

"ಸ್ವಲ್ಪ ಮೇಲಾಯ್ತೇನೋ, ಸಾಹೇಬ್ರೆ," ಅಂದ.

ಮೇಯರ್ ಬಾರ್ಬೊ ಕತ್ತೆತ್ತಿ ನೋಡಿದರು. ಅವರ ಕಣ್ಣು ತುಂಬಿ ಬಂತು. "ಇಲ್ಲ ಕಣಯ್ಯಾ. ಇಷ್ಟು ದಿನ ಕೆಳಗಿತ್ತು."

ಕಲ್ಲು ಸಾರ್ವಜನಿಕ ಕಟ್ಟಡದಲ್ಲಿದ್ದ ಕಾರಣ ಅದು ನೆರೆಯ ಮಟ್ಟಕ್ಕೆ ಅಧಿಕೃತ ಸಾಕ್ಷ್ಯವಾಯಿತು. ಜಿಲ್ಲಾ ಕಚೇರಿಯ ಎಂಜಿನಿಯರ್ ಬಂದು ಅಳತೆ ತೆಗೆದುಕೊಂಡು ಹೋದರು, ಬೆನ್ನಿಗೇ ಪ್ರಕಟಣೆ ಹೊರಟಿತು: "ಕುರ್ವೆಲ್ ಪಟ್ಟಣದ ಸಮಸ್ತ ನೆಲಮಹಡಿಗಳನ್ನು ಈ ಮೂಲಕ ನದೀಪಾತ್ರವೆಂದು ಘೋಷಿಸಲಾಗಿದೆ. ನದೀಪಾತ್ರದಲ್ಲಿ ದೋಣಿಗಳ ಹೊರತು ಬೇರಾವುದೂ ವ್ಯಾಪಾರ ನಡೆಸತಕ್ಕದ್ದಲ್ಲ."

ಸಿದೋನಿಯ ಕೆಫೆಯೂ ನೆಲಮಹಡಿಯಲ್ಲೇ ಇತ್ತು. ತಾಯಿಯಿಂದ ಬಂದ ಕೆಫೆ ಅದು. ಅದನ್ನು ಬಿಟ್ಟು ಬೇರೆ ಬದುಕು ಅವಳಿಗೆ ಗೊತ್ತಿರಲಿಲ್ಲ. ಪ್ರಕಟಣೆ ಅಂಟಿಸಲು ಬಂದ ಎಂಜಿನಿಯರನ್ನು ಚೌಕದ ನಡುವೆಯೇ ತಡೆದು ನಿಲ್ಲಿಸಿದಳು.

"ಎಲ್ರೀ ನೀರು? ನಿಮ್ಮ ಬೂಟು ನೋಡ್ಕೊಳ್ಳಿ, ಧೂಳು ಮೆತ್ಕೊಂಡಿದೆ!"

"ಬೂಟಿನ ಬಗ್ಗೆ ನಿಯಮದಲ್ಲಿ ಏನೂ ಹೇಳಿಲ್ಲ, ಮದಾಂ. ನಾವಿಬ್ರೂ ಈಗ ನಿಂತಿರೋದು ನೀರಿನ ಅಡಿಯಲ್ಲಿ."

"ಹಾಗಾದ್ರೆ ನೀವು ಇನ್ನೂ ಯಾಕೆ ಸತ್ತಿಲ್ಲ?"

"ಕೆಲಸದ ಮೇಲೆ ಬಂದಿದೀನಿ."

ಕಲ್ಲನ್ನು ಹಳೆಯ ಜಾಗಕ್ಕೆ ಇಳಿಸಿದರೆ ಊರು ಮತ್ತೆ ನೆಲವಾಗುತ್ತಿತ್ತು. ಇದಕ್ಕಾಗಿ ಸಭೆ ಸೇರಿತು. ಇಳಿಸಿ ಎಂದು ಕೈಯೆತ್ತಲೆಂದೇ ಸಿದೋನಿ ಮುಂದಿನ ಸಾಲಿನಲ್ಲಿ ಕೂತಳು. ಮೇಯರರು ಗಂಟಲು ಸರಿಮಾಡಿಕೊಂಡು, "ಒಂದು ಮಾತು. ಕಲ್ಲು ಇಳಿಸೋ ದಿವಸ ತ್ರೆಮೊನಿನವರು ಸಂತೋಷಕ್ಕೆ ತಮ್ಮ ಬ್ಯಾಂಡು ಕಳಿಸ್ತಾರಂತೆ," ಅಂದರು.

ಅರ್ಧಕ್ಕೆ ಏರಿದ್ದ ಸಿದೋನಿಯ ಕೈ ತಲೆ ಕೆರೆದುಕೊಂಡು ಕೆಳಗಿಳಿಯಿತು. "ನನ್ನ ಕೆಫೆ ಮುಚ್ಚಿ ಹೋಗ್ಲಿ. ಆ ಬ್ಯಾಂಡು ಮಾತ್ರ ಸೇತುವೆ ದಾಟ್ಬಾರ್ದು!"

ಊರು ಮುಳುಗಿಯೇ ಇರತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸಿದೋನಿ ಎಲ್ಲರೊಡನೆ ಚಪ್ಪಾಳೆ ತಟ್ಟಿ, ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ, ಕೆಫೆಯ ಬಾಗಿಲಿಗೆ ಅಂಟಿಸಿದ್ದ ಪ್ರಕಟಣೆಯನ್ನು ಕಿತ್ತು ಬಿಸಾಡಲು ಹೋದವಳು ಅದನ್ನು ಇನ್ನೊಮ್ಮೆ ಓದಿದಳು. ಮರುದಿನವೇ ಜಿಲ್ಲಾ ಕಚೇರಿಗೆ ಹೋಗಿ, ತನ್ನ ಕೆಫೆಯನ್ನು ದೋಣಿ ಎಂದು ನೋಂದಾಯಿಸಿಕೊಡಬೇಕೆಂದು ಕೇಳಿದಳು.

"ಅದು ತೇಲುತ್ತಾ, ಮದಾಂ?" ಎಂದರು ಎಂಜಿನಿಯರ್.

"ನೀರಿನ ಅಡಿಯಲ್ಲಿದೆ ಅಂತ ನೀವೇ ಬರ್ದಿದೀರಿ. ಒಳಗೆ ಬಂದು ನೋಡಿ, ಒಂದು ಹನಿ ನೀರು ಹೊಕ್ಕಿಲ್ಲ. ಇಂಥ ದೋಣಿ ಇನ್ನೆಲ್ಲಾದ್ರೂ ನೋಡಿದೀರಾ?"

ಎಂಜಿನಿಯರ್ ಬಹಳ ಹೊತ್ತು ಯೋಚಿಸಿದರು. ನೋಡಿರಲಿಲ್ಲ. ಬಾಗಿಲಿಗೆ ಲಂಗರು ಕಟ್ಟತಕ್ಕದ್ದು, ಕಾಫಿ ಯಂತ್ರದ ಪಕ್ಕ ನೀರಿಗೆ ಬಿದ್ದವರಿಗೆ ಎಸೆಯುವ ತೇಲುಬಳೆ ತೂಗುಹಾಕತಕ್ಕದ್ದು, ಮಾಲೀಕಳು ಕಪ್ತಾನರ ಟೋಪಿ ಧರಿಸತಕ್ಕದ್ದು ಎಂಬ ಷರತ್ತುಗಳ ಮೇಲೆ ಪರವಾನಗಿ ಸಿಕ್ಕಿತು. ಟೋಪಿ ಸಿದೋನಿಗೆ ಒಪ್ಪುತ್ತಿತ್ತು ಕೂಡ. ಬೇಕರಿ, ಕ್ಷೌರದಂಗಡಿ, ಔಷಧಿ ಅಂಗಡಿಗಳೂ ಬೆನ್ನಿಗೇ ದೋಣಿಗಳಾದವು. ಚರ್ಚು ಮಾತ್ರ, ಗೋಪುರ ಎತ್ತರವಿದ್ದುದರಿಂದ, ಹಡಗೆಂದು ದಾಖಲಾಯಿತು.

ಶರತ್ಕಾಲದಲ್ಲಿ ಓರ್ಲಿನ್ ನಿಜವಾಗಿಯೂ ಉಕ್ಕಿ, ಸಿದೋನಿಯ ಹೊಸ್ತಿಲನ್ನು ತೋಯಿಸಿ, ಹಿಂದೆ ಸರಿಯಿತು. ಪರಿಶೀಲನೆಗೆ ಬಂದ ಎಂಜಿನಿಯರ್ ವರದಿ ಬರೆದರು: "ಇಷ್ಟು ದೊಡ್ಡ ಪ್ರವಾಹದಲ್ಲೂ ಒಂದೇ ಒಂದು ದೋಣಿ ಲಂಗರು ಕಿತ್ತು ಕದಲಿಲ್ಲ. ನಾವಿಕರ ಕೌಶಲ ಪ್ರಶಂಸನೀಯ." ಸಿದೋನಿಗೆ ನೌಕಾಯಾನದ ಪದಕ ಬಂತು. ಜನ ಅದನ್ನು ನೋಡಲು ಬಂದು ಮೀನು ತಿಂದು ಹೋದರು; ಭಾನುವಾರಗಳಲ್ಲಿ ಕೆಫೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

ತ್ರೆಮೊನಿನವರಿಗೆ ಇದನ್ನು ನೋಡಿ ಸಹಿಸಲಾಗಲಿಲ್ಲ. ತಮ್ಮ ಊರನ್ನೂ ಕೂಡಲೇ ಮುಳುಗಿಸಿಕೊಡಬೇಕೆಂದು ಅವರು ಅರ್ಜಿ ಹಾಕಿದರು. ನಿಯಮದಂತೆ ಅದಕ್ಕೆ ಅನುಭವಸ್ಥ ಕಪ್ತಾನರೊಬ್ಬರ ಅಭಿಪ್ರಾಯ ಬೇಕಿತ್ತು. ಎಂಜಿನಿಯರ್ ಅರ್ಜಿ ಹಿಡಿದು ಕೆಫೆಗೆ ಬಂದು, ಟೋಪಿಗೆ ವಂದಿಸಿ, ಕೇಳಿದರು.

ಸಿದೋನಿ ಕಿಟಕಿಯಿಂದ ಎದುರು ದಂಡೆಯತ್ತ ನೋಡಿದಳು.

"ಮುಳುಗಲಿ ಪಾಪ, ಅವರಿಗೂ ಆಸೆ ಇರುತ್ತೆ," ಅಂದಳು. "ಆದ್ರೆ ಮೊಣಕಾಲವರೆಗೆ ಮಾತ್ರ ಅಂತ ಬರ್ಕೊಳ್ಳಿ."

ಎಂಜಿನಿಯರ್ ಹಾಗೆಯೇ ಬರೆದುಕೊಂಡರು.