ಭಾವಮೈದನಿಗೆ ಜಾಮೀನು ನಿಂತವನಿಗೆ ಮೂರು ದಿನದ ಜಾಮೀನು ಕೋರಿ

ಇಂದ: ಗಡಿಯಾರ ರಿಪೇರಿಯವನು, ಆರೋಪಿಯ ಅಕ್ಕನ ಗಂಡ ಹಾಗೂ ಜಾಮೀನುದಾರ.

ಗೆ: ಮಾನ್ಯ ನ್ಯಾಯಾಧೀಶರು, ಮೊದಲ ಮಹಡಿ.

ವಿಷಯ: ಅರ್ಜಿದಾರನನ್ನು ಅವನ ಸ್ವಂತ ಮನೆಯಿಂದ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: 1) ಪಕ್ಕದ ಮನೆಯವರ ಮುಂದಿನ ಹಲ್ಲು ಮುರಿದ ಪ್ರಕರಣ. 2) ಅರ್ಜಿದಾರನ ಹೆಂಡತಿಯ ಮೌಖಿಕ ಆದೇಶ: "ನನ್ ತಮ್ಮ ಜೈಲಲ್ಲಿರೋವರೆಗೂ ಈ ಮನೇಲಿ ಒಲೆ ಹತ್ತಲ್ಲ."

ಮಾನ್ಯರೇ,

1. ಎಂಟು ತಿಂಗಳ ಹಿಂದೆ ತಾವು "ಇವನು ಎಲ್ಲಿರ್ತಾನೆ?" ಎಂದು ಕೇಳಿದಾಗ, ವಕೀಲರು ಬಾಯಿ ತೆರೆಯುವ ಮೊದಲೇ ಅರ್ಜಿದಾರನು "ನಮ್ಮನೇಲೇ ಇರ್ತಾನೆ ಸ್ವಾಮಿ" ಎಂದುಬಿಟ್ಟನು. ಅದೇ ಷರತ್ತಾಯಿತು. ಆರೋಪಿ ಜಾಮೀನುದಾರನ ಮನೆಯಲ್ಲೇ ಇರತಕ್ಕದ್ದು, ಊರು ಬಿಡತಕ್ಕದ್ದಲ್ಲ, ಪ್ರತಿ ಭಾನುವಾರ ಠಾಣೆಯಲ್ಲಿ ಸಹಿ ಹಾಕತಕ್ಕದ್ದು. ತಪ್ಪಿದರೆ ಜಾಮೀನಿಗೆ ಇಟ್ಟ ಮನೆಗೇ ಕುತ್ತು.

2. ಆರೋಪಿಯು ಷರತ್ತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ತರಕಾರಿ ತಾ ಎಂದರೂ "ಕೋರ್ಟ್ ಆರ್ಡರ್ ಇದೆ ಭಾವ, ಮನೇಲೇ ಇರ್ಬೇಕು" ಎನ್ನುತ್ತಾನೆ. ಮಂಚ ಅವನದು, ಚಾಪೆ ಅರ್ಜಿದಾರನದು.

3. ಒಮ್ಮೆ ಕೋರ್ಟಿನ ವಾಯಿದೆಯ ದಿನ ಅರ್ಜಿದಾರನು ಅವನನ್ನು ಎಬ್ಬಿಸದೆ ಅಂಗಡಿಗೆ ಹೋದ ಕಾರಣ ಅವನು ಮಧ್ಯಾಹ್ನದವರೆಗೆ ಮಲಗಿದನು. ನೋಟಿಸು ಬಂದದ್ದು ಅರ್ಜಿದಾರನಿಗೆ. ಆದ್ದರಿಂದ ಅಂದಿನಿಂದ ಅರ್ಜಿದಾರನು ಅವನನ್ನು ಬಿಟ್ಟು ಊರಾಚೆ ಕಾಲಿಟ್ಟಿಲ್ಲ.

4. ಜಾಮೀನು ಹಿಂತೆಗೆದುಕೊಳ್ಳಬಹುದು, ಬೇರೆ ಯಾರೂ ನಿಲ್ಲದಿದ್ದರೆ ಅವನು ಮತ್ತೆ ಜೈಲಿಗೆ ಹೋಗುತ್ತಾನೆ ಎಂದು ವಕೀಲರು ತಿಳಿಸಿದರು. ಅರ್ಜಿ ಬರೆದೂ ಆಗಿತ್ತು. ಅದನ್ನು ಓದಿದ ಆರೋಪಿ ಜಗಳವಾಡಲಿಲ್ಲ. ಬಟ್ಟೆ ಮಡಚಿಟ್ಟು, "ಅಲ್ಲಿ ನೆಲ ಬಹಳ ತಣ್ಣಗಿರುತ್ತೆ ಭಾವ, ನಿಮ್ಮ ಹಳೇ ಸ್ವೆಟರ್ ಕೊಡ್ತೀರಾ?" ಎಂದನು. ಸದರಿ ಅರ್ಜಿಯನ್ನು ಒಲೆಗೆ ಹಾಕಲಾಯಿತು.

5. ಈ ಮಧ್ಯೆ ಬೇರೆ ಊರಿನಲ್ಲಿರುವ ಮಗಳು ಹೆತ್ತು ಐದು ತಿಂಗಳಾಯಿತು. "ಪಾಪು ಮಗುಚಿಕೊಳ್ತಿದಾಳೆ ಅಪ್ಪ. ನಡೆಯೋಕೆ ಶುರು ಮಾಡಿದ್ಮೇಲೆ ಬರ್ತೀಯಾ?" ಎಂದು ಫೋನಿನಲ್ಲಿ ಕೇಳುತ್ತಾಳೆ. ಅರ್ಜಿದಾರನು ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಂಡಿರುವುದಿಲ್ಲ. ಇದರಿಂದ ಅವನಿಗೆ ಬಹಳ ದುಃಖವಾಗಿರುತ್ತದೆ.

ಕಾರಣ, ಅರ್ಜಿದಾರನಿಗೆ ಮೂರು ದಿನದ ಜಾಮೀನು ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಅವನು ತಲೆಮರೆಸಿಕೊಳ್ಳುವುದಿಲ್ಲ ಎಂಬುದಕ್ಕೆ ಜಾಮೀನು ನಿಲ್ಲಲು ಆರೋಪಿಯೇ ಒಪ್ಪಿರುತ್ತಾನೆ.

ತಮ್ಮ ವಿಶ್ವಾಸಿ, ಸದ್ಯ ಊರಲ್ಲೇ ಇರುವ,
ಗಡಿಯಾರ ರಿಪೇರಿಯವನು

ಲಗತ್ತು:
1) ಆರೋಪಿಯ ಒಪ್ಪಿಗೆ ಪತ್ರ (ಮಲಗಿಕೊಂಡೇ ಬರೆದ ಕಾರಣ ಅಕ್ಷರ ಓರೆಯಾಗಿದೆ).
2) ಮೊಮ್ಮಗಳ ಫೋಟೋ, ಒಂದು.

ವಿ.ಸೂ.: ಅರ್ಜಿ ವಜಾ ಆದರೂ ಲಗತ್ತು 2ನ್ನು ಫೈಲಿಗೆ ಸೇರಿಸದೆ ವಾಪಸು ಕೊಡಿಸಬೇಕು. ಅರ್ಜಿದಾರನ ಬಳಿ ಬೇರೆ ಪ್ರತಿ ಇರುವುದಿಲ್ಲ.